ಎರಡು ಶಾಲೆ, ಹನ್ನೊಂದು ಗುಂಡಿ

ಬೇಲಿಯ ಕಾಗದಕ್ಕೆ ಸಹಿ ಹಾಕಿದ ನನ್ನ ಮಗಳು ಲೇವಿಯಾಳಿಗೆ,

ಮೊದಲು ಕೂತುಕೋ. ನಿಂತಲ್ಲೇ ಕಣ್ಣಾಡಿಸಿ ಮಡಚಿಡುವುದಕ್ಕೆ ಇದು ನಿನ್ನ ಕಚೇರಿಯ ಸುತ್ತೋಲೆಯಲ್ಲ. ಹೆತ್ತವಳ ಮನೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಅಲ್ಲಿಗೆ ಮೊಹರು ಒತ್ತಿದ ಲಕೋಟೆ ಕಳಿಸುತ್ತೀಯಲ್ಲ, ನಾಚಿಕೆಯಾಗಲಿಲ್ಲವೇ? 'ಶಾಲೆಯ ಬಳಿ ತಿಂಡಿ ಮಾರುವವರಿಗೆ' ಎಂದು ಶುರು ಮಾಡಿದ್ದೀ. ಆ ತಿಂಡಿ ಮಾರುವವಳ ತುಲುಕ್ ಕಡುಬು ತಿಂದೇ ನಿನ್ನ ಎಲುಬು ಗಟ್ಟಿಯಾದದ್ದು.

ಲಕೋಟೆಯಲ್ಲಿ ಒಂದು ಹಾಳೆ ಇಂಗ್ಲಿಷಿನದು, ಒಂದು ಫ್ರೆಂಚಿನದು. ಎಮಾವು ದ್ವೀಪದ ಮಿಷನ್ ಶಾಲೆಯಲ್ಲಿ ಮೂರು ಮಳೆಗಾಲ ಕೂತು ಬೈಬಲು ಓದಲು ಕಲಿತ ನನಗೆ ಎರಡೂ ಇರುವೆ ಸಾಲು. ನಿನ್ನ ಅಣ್ಣ ಕಲ್ಮೆಟ್‌ನ ಮಗಳು ಇಂಗ್ಲಿಷ್ ಶಾಲೆಯವಳು, ಒಂದನ್ನು ಓದಿದಳು. ಅವಳ ಗೆಳತಿ ಫ್ರೆಂಚ್ ಶಾಲೆಯವಳು, ಇನ್ನೊಂದನ್ನು ಓದಿದಳು. ಎರಡು ಶಾಲೆಗಳ ನಡುವಿನ ಬಯಲಿಗೆ ತಂತಿಬೇಲಿ ಬರುತ್ತದಂತೆ, ನಾನು ಜಾಗ ಬಿಡಬೇಕಂತೆ. ಕಾರಣವೇನು? ಫ್ರೆಂಚ್ ಶಾಲೆಗೆ ಮಧ್ಯಾಹ್ನ ಎರಡು ತಾಸು ಬಿಡುವು, ಇಂಗ್ಲಿಷ್ ಶಾಲೆಗೆ ಒಂದೇ ತಾಸು. ಈಚೆಯವರು ಪಾಠಕ್ಕೆ ಕೂತಾಗ ಆಚೆಯವರು ಚೆಂಡು ಒದೆಯುತ್ತಾರಂತೆ. ಎರಡು ಗಂಟೆಗಳನ್ನು ಒಟ್ಟಿಗೆ ಬಾರಿಸುವುದು ಬಿಟ್ಟು ಬೇಲಿ ಹಾಕುವ ಬುದ್ಧಿ ಓದಿದವರಿಗೆ ಮಾತ್ರ ಬರುತ್ತದೆ.

ನಿನ್ನ ಕಚೇರಿಯ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ, ನಿನಗೆ ಗೊತ್ತಿದೆ. ಇಂಗ್ಲಿಷರೂ ಫ್ರೆಂಚರೂ ಸೇರಿ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಈ ಪೋರ್ಟ್ ವಿಲಾದಲ್ಲಿ ಎಲ್ಲವೂ ಜೋಡಿ. ಎರಡು ಧ್ವಜ, ಎರಡು ಪೊಲೀಸು, ಎರಡು ಆಸ್ಪತ್ರೆ, ಎರಡು ಜೈಲು. ಕದಿಯುವವನು ಯಾವ ಜೈಲಿನಲ್ಲಿ ಊಟ ಚೆನ್ನ ಎಂದು ವಿಚಾರಿಸಿಕೊಂಡು ಕದಿಯುತ್ತಾನೆ ಎಂದು ನಗುತ್ತಿದ್ದೆವು. ಇಬ್ಬರು ದೊರೆಗಳು ತಮ್ಮ ತಮ್ಮ ಶಾಲೆ ಕಟ್ಟಿ ನಮ್ಮ ಮಕ್ಕಳನ್ನು ಕರೆದರು. ಯಾರು ಉಳಿಯುತ್ತಾರೋ ಯಾರು ಹೋಗುತ್ತಾರೋ ತಿಳಿಯದು. ಹಡಗುಕಟ್ಟೆಯ ಕೆಲಸ ಮುಗಿಸಿ ಬಂದ ನಿನ್ನಪ್ಪ ಒಂದು ಸಂಜೆ ಹೇಳಿದರು: "ಎರಡು ದೋಣಿ ಇದಾವೆ, ಎರಡು ಮಕ್ಕಳಿದಾರೆ. ಒಂದೊಂದರಲ್ಲಿ ಒಂದೊಂದನ್ನ ಕೂರ್ಸು. ಯಾವ್ದು ಮುಳುಗಿದ್ರೂ ಒಂದಾದ್ರೂ ದಡ ಸೇರುತ್ತೆ." ನಮ್ಮ ಕೇರಿಯಲ್ಲಿ ಹೀಗೆ ಮಾಡದ ಮನೆಯೇ ಇರಲಿಲ್ಲ.

ಇಬ್ಬರು ದೊರೆಗಳೂ ಹೋದರು. ನಮ್ಮದೇ ಧ್ವಜ ಬಂತು. ಎರಡೂ ಶಾಲೆ ಒಂದೇ ಇಲಾಖೆಯ ಕೆಳಗೆ ಬಂದವು, ಆದರೆ ಪುಸ್ತಕ ಬೇರೆ, ಪರೀಕ್ಷೆ ಬೇರೆ, ತನಿಖೆಗೆ ಬರುವವರೂ ಬೇರೆ. ಕಚೇರಿಗಳಲ್ಲಿ ಇಂಗ್ಲಿಷೇ ನಡೆಯಿತು, ಅದನ್ನು ಕಲಿತ ಕಲ್ಮೆಟ್‌ಗೆ ಅಂಚೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು. ನಿನ್ನನ್ನು ನೆರೆಯವರು "ಬಿಟ್ಟೋದ ಫ್ರೆಂಚ್ ದೊರೆ ಮಗಳು ಬಂದ್ಳು" ಎಂದು ಆಡಿಕೊಂಡರು. ಒಂದೇ ಎಲೆಯಲ್ಲಿ ಬೇಯಿಸಿದ ಲಾಪ್‌ಲಾಪ್ ಗೆಣಸಿನ ಕಡುಬಿನ ಸುತ್ತ ಕೂತು ನೀವಿಬ್ಬರೂ ಮಾತು ಬಿಟ್ಟಿರಿ. ಹನ್ನೆರಡು ವರ್ಷದ ನೀನು ಒಲೆಯ ಬಳಿ ಬಂದು ಕೇಳಿದೆ: "ಅಮ್ಮಾ, ನನ್ನನ್ನೇ ಯಾಕೆ ಆ ಕಡೆ ದೂಡ್ದೆ?" ನಾನು ಮರಗೆಣಸು ತುರಿಯುತ್ತಲೇ ಇದ್ದೆ. ಅಪ್ಪನನ್ನ ಕೇಳು ಎಂದೆ.

ಮಣ್ಣಾದ ಗಂಡನ ಬೆನ್ನ ಹಿಂದೆ ಇಷ್ಟು ವರ್ಷ ಅವಿತಿದ್ದು ಸಾಕು. ದೋಣಿಯ ಮಾತು ಅವರದು. ಯಾರು ಯಾವ ದೋಣಿಗೆ ಎಂದು ಆರಿಸಿದವಳು ನಾನು. ಫ್ರೆಂಚ್ ಶಾಲೆಯಲ್ಲಿ ಮಧ್ಯಾಹ್ನ ಊಟ ಹಾಕುತ್ತಿದ್ದರು. ನೀನು ಸಣಕಲಿ, ಗಾಳಿಗೆ ಹಾರುವ ಹಾಗಿದ್ದೆ. ಬೇರೆ ಯಾವ ಕಾರಣವೂ ಇರಲಿಲ್ಲ, ಮಗಳೇ. ನಿನ್ನ ಮೇಲೆ ಪ್ರೀತಿ ಕಡಿಮೆಯಿತ್ತು ಎಂದು ನೀನು ತಿಳಿದಿದ್ದೆಯಲ್ಲ, ಅದನ್ನು ಇಂದೇ ತೊಳೆದುಬಿಡು.

ಈ ಊರಿನಲ್ಲಿ ಮಕ್ಕಳ ನಡುವೆ ಮೊದಲ ಬೇಲಿ ಹಾಕಿದ ಕೈಗಳಲ್ಲಿ ನನ್ನದೂ ಒಂದು. ಅದಕ್ಕೇ ಇನ್ನೊಂದು ಬೇಲಿಗೆ ಬಿಡುವುದಿಲ್ಲ. ಆ ಕಡೆಯಿಂದ ಈಜಿ, ಎರಡು ನುಡಿಯಲ್ಲೂ ಪರೀಕ್ಷೆ ಪಾಸಾಗಿ, ಶಿಕ್ಷಣ ಇಲಾಖೆಯ ಅಧಿಕಾರಿಯಾದವಳು ನೀನು. ನಿನ್ನ ಕೈಯಲ್ಲೇ ಆ ಕಂಬ ನೆಡಿಸುತ್ತಾರೆಂದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಕಂಬಕ್ಕೆಂದು ನಿಮ್ಮವರು ಹನ್ನೊಂದು ಗುಂಡಿ ತೋಡಿ ಹೋದರು. ಮರುದಿನ ಬೆಳಗ್ಗೆ ಎರಡೂ ಶಾಲೆಯ ತಾಯಂದಿರು ಸೇರಿ ಹನ್ನೊಂದರಲ್ಲೂ ಹೆಗ್ಗೆಣಸು ನೆಟ್ಟೆವು. ಆಳ, ಅಗಲ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು, ನಿಮ್ಮ ಇಲಾಖೆಗೆ ಧನ್ಯವಾದ. ಸೋಮವಾರ ಕೆಲಸಗಾರರು ಕಂಬ ತಂದರು. ಅವರ ಮೇಸ್ತ್ರಿ ತನ್ನಾ ದ್ವೀಪದವನು. ಗುಂಡಿಗಳನ್ನು ನೋಡಿ ತಲೆ ಕೆರೆದುಕೊಂಡ. "ಅಜ್ಜೀ, ಇನ್ನೊಬ್ರು ನೆಟ್ಟ ಗೆಣಸು ಕಿತ್ತೋನು ನಮ್ಮೂರಲ್ಲಿ ಮುಖ ತೋರ್ಸೋ ಹಾಗಿಲ್ಲ. ನನ್ನ ಕೈಲಾಗಲ್ಲ," ಎಂದ. ನನ್ನ ಬಳಿಯೇ ಎರಡು ತುಲುಕ್ ತಿಂದು ಕಂಬಗಳನ್ನು ವಾಪಸು ಹೊತ್ತುಕೊಂಡು ಹೋದ. ಆ ಬಡಪಾಯಿಯನ್ನು ಕೆಲಸದಿಂದ ತೆಗೆದೀಯ, ಜೋಕೆ.

ಪೊಲೀಸರನ್ನು ಕಳಿಸುವುದಾದರೆ ಕಳಿಸು. ಈಗ ಜೈಲು ಒಂದೇ ಇದೆ, ನಾವು ಇಪ್ಪತ್ತಮೂರು ಹೆಂಗಸರು. ಎಲ್ಲರಿಗೂ ಚಾಪೆ ಹಾಸಿಡಲು ಹೇಳು.

ಬೇಲಿಯ ಆದೇಶ ರದ್ದಾಗಲಿ, ಎರಡು ಶಾಲೆಯೂ ಒಂದೇ ಹೊತ್ತಿಗೆ ಊಟಕ್ಕೆ ಬಿಡಲಿ. ಆಗದು ಎನ್ನುವುದಾದರೆ ಬೇರೆಯವರ ಮಕ್ಕಳನ್ನು ಕಳಿಸಬೇಡ, ನೀನೇ ಬಾ. ಗುದ್ದಲಿ ನಾನು ಕೊಡುತ್ತೇನೆ, ನನ್ನೆದುರು ಅಗೆ. ಅಗೆಯಲಾರೆ ಎಂದು ನನಗೆ ಗೊತ್ತು, ನಿನಗೂ ಗೊತ್ತಾಗಲಿ.

ನಿನ್ನ ಹೊಟ್ಟೆ ತಣ್ಣಗಿರಲಿ, ಪೆನ್ನು ನೆಟ್ಟಗಿರಲಿ. ಬರುವ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.

ಬಯಲಿನಿಂದ ಏಳದ,
ನಿನ್ನ ಅಮ್ಮ