ಬ್ಯಾಟರಿಯ ಮೇಲೆ ಕೂರಿಸಿದ ಗೂಬೆ

ಏರಿನ ಮನೆ,
ಭಾನುವಾರ ಬೆಳಿಗ್ಗೆ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಾವನವರಿಗೆ,

ಸೊಂಟದ ನೋವು ಈಗ ಹೇಗಿದೆ? ಊರುಗೋಲು ಹಿಡಿದು ತನ್ನ ಮನೆಯ ಹಜಾರ ದಾಟಿ ಬಾಗಿಲವರೆಗೆ ನಡೆದಿರಿ ಎಂದು ನಾದಿನಿ ಹೇಳಿದಳು. ದನಿ ಕೇಳಿದರೆ ನಿಮಗಿಂತ ಅವಳಿಗೇ ಹೆಚ್ಚು ಸುಸ್ತಾದಂತಿತ್ತು. ವ್ಯಾಯಾಮ ಮಾಡಿಸಲು ಬರುವವನ ಮೇಲೆ ರೇಗಬೇಡಿ. ನಟ್ಟು ಎಷ್ಟು ಬಿಗಿಮಾಡಬೇಕೆಂದು ನಿಮಗೆ ಗೊತ್ತಿರುವ ಹಾಗೆ ಕೀಲು ಎಷ್ಟು ಸಡಿಲಿಸಬೇಕೆಂದು ಅವನಿಗೆ ಗೊತ್ತಿರುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ, ಉಳಿದರ್ಧ ನೀವು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆ ನಿಮ್ಮ ಹಳೆಯ ಕ್ಯಾನ್ವಾಸ್ ಬೂಟಿನ ತುದಿಗೆ ಹತ್ತಿ ತುರುಕಿ ಹಾಕಿಕೊಂಡು ಓಡಾಡುತ್ತಿದ್ದಾರೆ. ಯಾಕೆ ಎಂದರೆ ನೆಲ ತಣ್ಣಗಿದೆ ಎನ್ನುತ್ತಾರೆ. ಈಗ ಮೇಜಿನ ಆಚೆ ಬದಿ ಕೂತು ಬಟಾಣಿ ಸುಲಿಯುತ್ತ, ನಾನು ಬರೆಯುತ್ತಿರುವುದನ್ನು ತಲೆಕೆಳಗಾಗಿಯೇ ಓದುತ್ತಿದ್ದಾರೆ. ನಾನು ಮುಗಿಸಿದ ಮೇಲೆ ಲಕೋಟೆ ಅವರೇ ಅಂಟಿಸುತ್ತಾರಂತೆ.

ಇನ್ನು ನಿಮ್ಮ ಬ್ಯಾಟರಿ ಗಾಡಿಯ ವಿಷಯ. ನಿಮ್ಮ ಮಗ ಫೋನಿನಲ್ಲಿ ಹೇಳಿದ್ದನ್ನು ಮರೆತುಬಿಡಿ. ಅವರು ಹೇಳಿದ್ದು ತೀರ್ಪು, ನಾನು ಹೇಳುವುದು ವಿಚಾರಣೆ. ಎರಡು ವಾರದಿಂದ ಅದು ಏರು ಹತ್ತುತ್ತಿರಲಿಲ್ಲ. ಸಂಜೆ ಕಾಲೇಜಿನಿಂದ ಬಂದು ಅತ್ತೆಯನ್ನು ಕೂರಿಸಿಕೊಂಡು ಅಂಗಡಿಬೀದಿಗೆ ಹೊರಟರೆ ಸದ್ದಿಲ್ಲದೆ ಇಳಿಯುತ್ತದೆ. ಮರಳುವಾಗ ನೀರಿನ ಟ್ಯಾಂಕಿನ ತಿರುವಿಗೆ ಬಂದರೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಇನ್ನು ನಾಲ್ಕು ಮಾರು ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಮೊದಲ ದಿನ ಹಿಂದಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಪತ್ರಿಕೆ ಹಂಚುವವರು, “ಏನಮ್ಮಾ, ಎತ್ತು ಕಟ್ಟೋದು ಮರೆತು ಬಂದ್ರಾ?” ಎಂದರು. ಅತ್ತೆ ಕೂತಲ್ಲಿಂದಲೇ, “ಮರೆತಿಲ್ಲಪ್ಪ, ನೀನು ಬರ್ಲಿ ಅಂತ ಕಾಯ್ತಿದ್ವಿ” ಎಂದರು. ಪಾಪ, ಮನೆಯವರೆಗೂ ತಳ್ಳಿಕೊಟ್ಟರು.

ನಿಮ್ಮ ಮಗನದು ಒಂದೇ ಮಾತು: ಬ್ಯಾಟರಿ ಸತ್ತಿದೆ. ಹಳೇ ಗಾಡಿಗೆ ಹೊಸ ಬ್ಯಾಟರಿ ಹಾಕುವುದು ಬೋಳುತಲೆಗೆ ಬಾಚಣಿಗೆ ಕೊಂಡ ಹಾಗಂತೆ. ಸೋಮವಾರ ಬಂದು ಗಾಡಿ ಎತ್ತಿಕೊಂಡು ಹೋಗಲು ಗುಜರಿಯವನಿಗೆ ಹೇಳಿಯೂ ಬಿಟ್ಟಿದ್ದರು. ನಾನು ಜಗಳವಾಡಲಿಲ್ಲ. ಒಂದು ಮಾತು ಮಾತ್ರ ಕೇಳಿದೆ: ಈ ಓಣಿಯೊಳಗೆ ಕಾರು ಬರುವುದಿಲ್ಲ, ಗಾಡಿ ಹೋದರೆ ಮಾವ ಕೆಳಗಿನ ರಸ್ತೆಯಿಂದ ಮನೆಗೆ ಬರುವುದು ಹೇಗೆ, ಬಂದಮೇಲೆ ಮತ್ತೆ ಹೊರಗೆ ಹೋಗುವುದು ಹೇಗೆ? ಅವರು ಕನ್ನಡಕ ಒರೆಸಿಕೊಂಡರು. ಅದು ಉತ್ತರವಲ್ಲವಾದ್ದರಿಂದ ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲೇ ನಾನು ನಿಮ್ಮ ಹಿಂದಿನ ಕಾಗದ ತೆಗೆದುಕೊಂಡು ಶೆಡ್ಡಿಗೆ ಹೋದೆ.

ಗಾಲ್ಫ್ ಮೈದಾನದವರು ಹಳತಾಯಿತೆಂದು ಕೈಬಿಟ್ಟ ಈ ಗಾಡಿಯನ್ನು ನಿವೃತ್ತಿಯ ದಿನ ನೀವೇ ಓಡಿಸಿಕೊಂಡು ಬಂದದ್ದು ನೆನಪಾಯಿತು. ಕೊರಳಲ್ಲಿ ಹಾರ, ಪಕ್ಕದ ಸೀಟಿನಲ್ಲಿ ಸ್ಪ್ಯಾನರ್ ಪೆಟ್ಟಿಗೆ. ಅವತ್ತು ನೀವು ಹೇಳಿದ ಮಾತನ್ನೇ ಕಾಗದದಲ್ಲೂ ಬರೆದಿದ್ದೀರಿ: “ಗಾಡಿ ನಿಂತ ಕೂಡಲೇ ಎಲ್ರೂ ಬ್ಯಾಟರಿ ಮೇಲೆ ಗೂಬೆ ಕೂರಿಸ್ತಾರೆ. ನೀನು ಕೂರಿಸ್ಬೇಡ. ಮೊದ್ಲು ಮುಟ್ಟಿ ನೋಡು.” ಸೀಟು ಎತ್ತಿದೆ. ಆರು ಬ್ಯಾಟರಿಗಳೂ ಮಿಂದ ಮಕ್ಕಳ ಹಾಗೆ ಸಾಲಾಗಿದ್ದವು, ಎರಡರ ತಲೆಯ ಮೇಲೆ ಮಾತ್ರ ಹಸಿರು ಬೂಷ್ಟು. ಅಡುಗೆ ಸೋಡಾ ಕದಡಿದ ನೀರಿನಿಂದ ಉಜ್ಜಿ ತೊಳೆದೆ. ಬ್ಯಾಟರಿ ನೀರು ಕಡಿಮೆಯಾದಲ್ಲಿ ತುಂಬಿದೆ. ಕೇಬಲ್ಲುಗಳನ್ನು ಒಂದೊಂದಾಗಿ ಅಲುಗಿಸಿದಾಗ ಒಂದರ ನಟ್ಟು ಸಡಿಲವಾಗಿತ್ತು, ಬಿಗಿಮಾಡಿದೆ. ಮೀಟರು ಹಿಡಿದರೆ ಎಲ್ಲವೂ ಪೂರ್ತಿ ತೋರಿಸಿದವು. ಗೆದ್ದೆ ಎಂದುಕೊಂಡೆ. ಅಂದು ಸಂಜೆಯೂ ಗಾಡಿ ಟ್ಯಾಂಕಿನ ತಿರುವಿನಲ್ಲೇ ನಿಂತಿತು.

ಆಗ ನಿಮ್ಮ ಎರಡನೇ ಸಾಲು ಓದಿದೆ: ನಿಂತ ಗಾಡಿಯ ಓಲ್ಟೇಜು ಹೊಗಳುಭಟ್ಟನ ಮಾತು, ಭಾರ ಹೊರಿಸಿ ನೋಡು. ತರಗತಿಯಲ್ಲಿ ಕವಿತೆ ಓದಿಸುವಾಗ ನಾನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸಾಲು ಒಂಟಿಯಾಗಿ ನಿಂತಾಗ ಯಾವಾಗಲೂ ಚೆಂದ, ಮುಂದಿನ ಸಾಲಿನ ಭಾರ ಬಿದ್ದಾಗ ತಡೆಯುತ್ತದೆಯೇ ಎಂಬುದೇ ಪ್ರಶ್ನೆ. ಮರುದಿನ ಸಂಜೆ ಏರಿನ ಮೇಲೆಯೇ ನಿಮ್ಮ ಮಗನಿಂದ ಪೆಡಲ್ ಒತ್ತಿಸಿ ಒಂದೊಂದೇ ಬ್ಯಾಟರಿಗೆ ಮೀಟರು ಹಿಡಿದೆ. ಒಂದು ಸತ್ತಿದ್ದರೆ ಅದೊಂದೇ ಕುಸಿಯಬೇಕಿತ್ತು. ಆರೂ ಒಟ್ಟಿಗೆ, ಒಂದೇ ಸಮ ಕುಸಿದವು. ಅಂದರೆ ಯಾವುದೂ ಕೆಟ್ಟಿಲ್ಲ, ಎಲ್ಲಕ್ಕೂ ಹಸಿವು. ರಾತ್ರಿಯಿಡೀ ಉಂಡ ಬ್ಯಾಟರಿಗಳು ಸಂಜೆಗೆ ಯಾಕೆ ಹಸಿದಿವೆ? ಚಾರ್ಜರು ಸರಿಯಿತ್ತು. ಗಾಡಿಯನ್ನು ಕೈಯಿಂದ ತಳ್ಳಿದರೆ ತೊಟ್ಟಿಲಿನಷ್ಟು ಹಗುರವಾಗಿ ಉರುಳಿತು. ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು.

ನಿನ್ನೆ, ಶನಿವಾರ, ಪಾಠವಿಲ್ಲದ್ದರಿಂದ ಕಾಲೇಜಿನಿಂದ ಬೇಗ ಬಂದೆ. ಶೆಡ್ಡಿನಲ್ಲಿ ಸುಟ್ಟ ವಾಸನೆಯಿತ್ತು. ಮುಟ್ಟಿ ನೋಡು ಎಂದಿದ್ದಿರಲ್ಲ, ಹಿಂದಿನ ಗಾಲಿ ಮುಟ್ಟಿದೆ. ಬಿಸಿಯಿತ್ತು. ಓಡುವಾಗ ಬ್ರೇಕು ಗಾಲಿಯನ್ನು ಹಿಡಿದೇ ಇರುತ್ತಿತ್ತು, ಈಗ ಬಿಟ್ಟಿದೆ. ಈ ವಿಷಯದಲ್ಲಿ ಸದ್ಯಕ್ಕೆ ಇಷ್ಟೇ.

ಮಧ್ಯಾಹ್ನ ಮತ್ತೆ ಚಾರ್ಜಿಗೆ ಹಾಕಿದೆ. ಸಂಜೆ ನಿಮ್ಮ ಮಗನನ್ನೇ ಓಡಿಸಲು ಕೂರಿಸಿದೆ. ಪಕ್ಕದಲ್ಲಿ ಅತ್ತೆ, ಹಿಂದೆ ನಾನು, ನನ್ನ ತೊಡೆಯ ಮೇಲೆ ಒಂದು ಚೀಲ ಆಲೂಗಡ್ಡೆ. ಟ್ಯಾಂಕಿನ ತಿರುವಿನಲ್ಲಿ ಗಾಡಿ ಸ್ವಲ್ಪ ತಗ್ಗಿತು, ಗೊಣಗಿತು, ಹತ್ತಿತು. ಮೇಲೆ ಬಂದು ನಿಂತಾಗ ನಿಮ್ಮ ಮಗ ಸ್ಟೀರಿಂಗನ್ನು ಎರಡು ಸಲ ತಟ್ಟಿದರು. ನಾನು ಬಿಗಿಮಾಡಿದ ನಟ್ಟೇ ಕಾರಣ ಎಂದು ಅವರೇ ನನಗೆ ವಿವರಿಸಿದರು. ಗುಜರಿಯವನಿಗೆ ಬರಬೇಡವೆಂದು ಹೇಳಿದ್ದಾಯಿತು. ಗೂಬೆ ಹಾರಿಹೋಯಿತು, ಬ್ಯಾಟರಿಗಳು ಉಳಿದವು.

ನಾದಿನಿಗೂ ಅಳಿಯಂದಿರಿಗೂ ನಮ್ಮ ನೆನಪು ತಿಳಿಸಿ. ನಿಮ್ಮ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇವೆ, ಅಲ್ಲಿಂದ ಶೆಡ್ಡು ಕಾಣುತ್ತದೆ. ಬೇಗ ಚೇತರಿಸಿಕೊಳ್ಳಿ, ಆದರೆ ವೈದ್ಯರು ಹೇಳಿದ್ದಕ್ಕಿಂತ ಬೇಗ ಬೇಡ.

ಗ್ರೀಸು ಮೆತ್ತಿದ ಕೈಯ ನಮಸ್ಕಾರಗಳೊಂದಿಗೆ,
ನಿಮ್ಮ ಸೊಸೆ

ತಾ.ಕ.: ಅತ್ತೆ ಸ್ನಾನಕ್ಕೆ ಹೋದರು. ನೀರಿನ ಸದ್ದು ನಿಲ್ಲುವುದರೊಳಗೆ ಬರೆದು ಲಕೋಟೆ ನಾನೇ ಅಂಟಿಸುತ್ತೇನೆ, ಅಕ್ಷರ ಕ್ಷಮಿಸಿ. ಆ ಗಾಡಿ ಹಿಂದಿನ ದಿನದಿಂದ ಶೆಡ್ಡು ಬಿಟ್ಟು ಕದಲಿಲ್ಲವೆಂದೇ ನಾನು ನಂಬಿದ್ದೆ. ನಿಂತ ಗಾಡಿಯ ಗಾಲಿ ಬಿಸಿಯಾಗುವುದಿಲ್ಲ. ಒಳಗೆ ಹೋದರೆ ಅತ್ತೆ ನಿಮ್ಮ ಬೂಟಿನಲ್ಲಿ, ಬೆವರಿಕೊಂಡು, ನೀರು ಕುಡಿಯುತ್ತಿದ್ದರು. ಕೇಳುವ ಮೊದಲೇ, “ಅವರಿಗೆ ಬರೀಬೇಡ, ನಗ್ತಾರೆ” ಎಂದರು. ಎರಡು ವಾರದಿಂದ ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಹಿಂದಿನ ಬಯಲಿನಲ್ಲಿ ಸುತ್ತು ಹೊಡೆಯುತ್ತಿದ್ದರಂತೆ. ಬಲಗಾಲು ಪೆಡಲಿನ ಮೇಲೆ, ಎಡಗಾಲು ಹೊರಟಾಗಿನಿಂದ ನಿಲ್ಲುವವರೆಗೂ ಬ್ರೇಕಿನ ಮೇಲೆ. ಬ್ಯಾಟರಿ ಬರಿದಾಗದೆ ಇನ್ನೇನಾಗುತ್ತದೆ? ಒಂದೇ ಕಾಲಲ್ಲಿ ಓಡಿಸುವುದನ್ನು ನಿನ್ನೆಯಿಂದ ಕಲಿಸುತ್ತಿದ್ದೇನೆ. ನಿಮ್ಮ ಬಲಗಾಲು ಇನ್ನು ಪೆಡಲಿಗೆ ಒದಗುವುದಿಲ್ಲ ಎಂದು ವೈದ್ಯರು ಹೇಳಿದ್ದನ್ನು ನೀವು ನಮಗೆ ಬರೆಯಲಿಲ್ಲ. ನಾದಿನಿ ಅತ್ತೆಗೆ ಹೇಳಿಬಿಟ್ಟಿದ್ದಾಳೆ. ಅವರು ಅತ್ತಂತೆ ಕಾಣಲಿಲ್ಲ. “ಇಷ್ಟು ವರ್ಷ ಅವರು ಕರ್ಕೊಂಡು ಹೋದ್ರು, ಇನ್ನು ಕೂತ್ಕೊಳ್ಳಲಿ” ಎಂದರು, ಅಷ್ಟೇ. ನೀವು ಬರುವ ದಿನ ಓಣಿಯ ಬಾಯಲ್ಲಿ ಗಾಡಿ ಇರುತ್ತದೆ, ಓಡಿಸುವ ಸೀಟಿನಲ್ಲಿ ಅವರು ಇರುತ್ತಾರೆ. ಆಶ್ಚರ್ಯಪಡಿ. ಪಕ್ಕದಲ್ಲಿ ಕೂತುಕೊಳ್ಳಿ. ಟ್ಯಾಂಕಿನ ತಿರುವಿನಲ್ಲಿ ಏನೇ ಆದರೂ “ಬ್ರೇಕು, ಬ್ರೇಕು” ಎಂದು ಮಾತ್ರ ಕೂಗಬೇಡಿ. ಮತ್ತೆ ಎಡಗಾಲು ಇಟ್ಟುಬಿಡುತ್ತಾರೆ. ನೀರು ನಿಂತಿತು.