ಲಿಸ್ಬನ್ನಿನ ಮಗ್ರಿಬ್

ಮೆಹರು,

ನಾನು ಮಿರ್ದಿಫ್ ಬಡಾವಣೆಗೆ ಇಫ್ತಾರಿಗೆ ಹೊರಟೆ. ಗಂಜಿ ಕುಕ್ಕರಿನಲ್ಲಿದೆ. ನೀನು ಎದ್ದ ಕೂಡಲೇ ಜಸೀಲಳಿಗೆ ಫೋನ್ ಮಾಡು, ವಿಮಾನ ಹತ್ತಿದ ಮೇಲೆ ನಿನ್ನ ಮಗಳು ಸಿಗುವುದಿಲ್ಲ.

ನನ್ನ ಕಣ್ಣಿಗೆ ಕಾಣಲೆಂದು ಅವಳ ಪ್ರಯಾಣದ ವಿವರವನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೀಯಲ್ಲ, ಅದರಿಂದಲೇ ತಪ್ಪು ಗೊತ್ತಾಯಿತು. "ಒಂಬತ್ತಕ್ಕೆ ಖರ್ಜೂರ ತಿಂದು ಉಪವಾಸ ಬಿಡು ಮೋಳೆ" ಎಂದು ಮಗಳಿಗೆ ಹೇಳಿದೆಯಲ್ಲ, ಅದು ವಿಯೆನ್ನಾದ ಸೂರ್ಯಾಸ್ತ. ಸಂಜೆ ಆರೂವರೆಗೇ ಅಲ್ಲಿಂದ ಹೊರಟವಳು ಆಗ ಆಕಾಶದಲ್ಲಿರುತ್ತಾಳೆ, ಸೂರ್ಯ ಕಿಟಕಿಯಲ್ಲಿರುತ್ತಾನೆ!

ವಿಯೆನ್ನಾದಿಂದ ಲಿಸ್ಬನ್ನಿಗೆ ಎರಡು ಸಾವಿರದ ಮುನ್ನೂರು ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ದುಬೈ–ಮಂಗಳೂರಿನಷ್ಟೇ. ಮೂರು ಮುಕ್ಕಾಲು ಗಂಟೆಯ ಹಾದಿ. ಅಷ್ಟು ಹೊತ್ತೂ ಮುಳುಗದ ಸೂರ್ಯನ ಬೆನ್ನು ಹಿಡಿದು ಹೋಗುತ್ತಾಳೆ ನಮ್ಮ ಹುಡುಗಿ. ಲಿಸ್ಬನ್ನಿನ ಗಡಿಯಾರ ಒಂದು ಗಂಟೆ ಹಿಂದೆ, ಒಂಬತ್ತೂಕಾಲಕ್ಕೆ ಅವಳು ಇಳಿಯುವಾಗಲೇ ಅಲ್ಲಿ ಮಗ್ರಿಬ್, ಸೂರ್ಯ ಮುಳುಗಿದ ನಮಾಜಿನ ಹೊತ್ತು. ಸುಬ್‌ಹಾನಲ್ಲಾಹ್, ಬರೆಯುವಾಗಲೂ ನನ್ನ ಮೈ ಜುಮ್ಮೆನ್ನುತ್ತಿದೆ.

ಇವತ್ತು ಉಪವಾಸ ಬಿಟ್ಟರೂ ಅವಳನ್ನು ಗದರಿಸಬೇಡ. ಪ್ರಯಾಣದಲ್ಲಿರುವವರಿಗೆ ಉಪವಾಸ ಬಿಡುವ ಅನುಮತಿಯಿದೆ. ಸುಸ್ತಾಗಿದ್ದರೆ ಈಗಲೇ ಊಟ ಮಾಡಲಿ. ರಮಝಾನ್ ಕಳೆದ ಮೇಲೆ ಆ ಒಂದು ಉಪವಾಸ ತೀರಿಸುವ ದಿನ ನಾನೂ ಅವಳ ಜೊತೆ ಹಿಡಿಯುತ್ತೇನೆಂದು ಹೇಳು.

ಉಮ್ಮ