ವಾರ್ಡಿನ ಪುಟ ಹಿಗ್ಗಿದ್ದು ಯಾಕೆ

ಮಾರ್ಚ್ ೧೪, ಶನಿವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಚಳಿಗಾಲದಲ್ಲಿ ನೀನು ಬರೆದ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ಬರೆಯುವಂಥ ಸುದ್ದಿ ಸಿಗಲಿ ಎಂದು ಕಾಯುತ್ತಿದ್ದೆ. ನಿನ್ನೆ ಸಿಕ್ಕಿತು.

ನನ್ನನ್ನು ಕೆಲಸದಿಂದ ತೆಗೆದ ನಿಮ್ಮ ಮ್ಯಾನೇಜರ್ ನಿನ್ನೆ ನನ್ನೆದುರು ಕೂತು ಬೆವರು ಒರೆಸಿಕೊಂಡರು. ಆಸ್ಪತ್ರೆಗೆ ನಾವು ಮಾಡಿಕೊಟ್ಟ ವಾರ್ಡಿನ ವೆಬ್ ಪುಟ ನೆನಪಿದೆಯಲ್ಲ? ನರ್ಸುಗಳು ಬೆಳಿಗ್ಗೆ ತೆರೆದಿಟ್ಟರೆ ಸಂಜೆಯೊಳಗೆ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗಿ ಕಲ್ಲಾಗಿ ಕೂರುತ್ತಿತ್ತು. ತಪ್ಪು ನನ್ನದೆಂದು ನನ್ನನ್ನು ಹೊರಗೆ ಹಾಕಿದ ಮೇಲೆ ಆ ಮಹಾನುಭಾವರು ಮಾಡಿದ ರಿಪೇರಿ ನಿನಗೂ ಗೊತ್ತು: ಪುಟ ಗಂಟೆಗೊಮ್ಮೆ ತಾನಾಗಿಯೇ ಮುಚ್ಚಿ ತೆರೆದುಕೊಳ್ಳಬೇಕು. ಹುಣ್ಣಿಗೆ ಪೌಡರ್ ಹಚ್ಚಿದ ಹಾಗೆ. ಹಾಗೆ ತೆರೆದುಕೊಂಡಾಗ ಒಬ್ಬ ನರ್ಸ್ ಆಗಷ್ಟೇ ಕೊಟ್ಟು ಅರ್ಧ ಬರೆದಿದ್ದ ಔಷಧದ ವಿವರ ಅಳಿಸಿಹೋಗಿ, ರೋಗಿಗೆ ಅದೇ ಔಷಧ ಎರಡು ಸಲ ಬಿತ್ತು. ಪುಣ್ಯಕ್ಕೆ ಬದುಕಿದರು. ಆಸ್ಪತ್ರೆಯವರು ತನಿಖೆಗೆ ಹೊರಗಿನವರನ್ನು ಕರೆಸಿದರು. ಈಗ ಇಂಥ ತನಿಖೆಯೇ ನನ್ನ ಕೆಲಸ; ಆ ಹೊರಗಿನವಳು ನಾನೇ.

ಮೊದಲು ಆ ಗಂಟೆಯ ಉಪಾಯವನ್ನು ಎಲ್ಲರ ಮುಂದೆ ತೆಗೆಸಿದೆ. ಆ ಕ್ಷಣ ಮೆಮೊರಿಯಲ್ಲಿ ಏನೇನು ತುಂಬಿದೆ ಎಂದು ತೋರಿಸುವ ಚಿತ್ರವೊಂದನ್ನು ಹಿಡಿದೆ. ಆಮೇಲೆ ಪರದೆಯ ಮೇಲೆ ರೋಗಿಯ ವಿವರದ ಕಿಟಕಿಯನ್ನು ಮ್ಯಾನೇಜರ್ ಕೈಯಿಂದಲೇ ತೆರೆಸಿ, ಮುಚ್ಚಿಸಿ, ಮತ್ತೆ ತೆರೆಸಿ, ಬೆರಳು ನೋಯುವವರೆಗೆ ಮಾಡಿಸಿದೆ. ಇನ್ನೊಂದು ಚಿತ್ರ ಹಿಡಿದು ಮೊದಲಿನದರ ಪಕ್ಕಕ್ಕಿಟ್ಟೆ. ಮುಚ್ಚಿದ ಕಿಟಕಿಗಳೆಲ್ಲ ಮೆಮೊರಿಯೊಳಗೆ ಹಾಗೇ ಇದ್ದವು. ಸಮಯ ತೋರಿಸಲು ಪ್ರತಿ ಕಿಟಕಿಗೂ ಹಾಕಿದ್ದ ಗಡಿಯಾರ, ಕಿಟಕಿ ಮುಚ್ಚಿದ ಮೇಲೂ ಓಡುತ್ತ ಅದನ್ನು ಬಿಡದೆ ಹಿಡಿದುಕೊಂಡಿತ್ತು. ಕಿಟಕಿ ಮುಚ್ಚಿದಾಗ ಗಡಿಯಾರ ನಿಲ್ಲಿಸುವ ಒಂದು ಸಾಲು ಕೋಡ್ ಸೇರಿಸಿದೆ. ಹಿಗ್ಗುವುದು ನಿಂತಿತು.

"ಇದು ನಿಮಗೆ ಆಗ್ಲೇ ಗೊತ್ತಿತ್ತಾ?" ಎಂದರು ಮ್ಯಾನೇಜರ್ ಮೆಲ್ಲಗೆ.

"ಹೇಳೋಕೇ ಬಂದಿದ್ದೆ ಸರ್. ನೀವು ಕೂತ್ಕೋ ಅಂತಾನೂ ಅನ್ಲಿಲ್ಲ."

ಉಪ್ಪು ತಿಂದವರು ನೀರು ಕುಡಿಯಲೇಬೇಕು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಆಸ್ಪತ್ರೆಯವರು ನಿಮ್ಮ ಕಂಪನಿಯ ಗುತ್ತಿಗೆಯನ್ನು ಅಲ್ಲೇ ರದ್ದು ಮಾಡಿದರು.

ಅಮ್ಮನಿಗೆ ನಮಸ್ಕಾರ ತಿಳಿಸು. ಮಗಳಿಗೊಂದು ಮುತ್ತು, ನೂರು ಕಾಲ ಬಾಳಲಿ.

ನಿನ್ನ ಪಕ್ಕದ ಕುರ್ಚಿಯವಳು

ಇನ್ನೊಂದು ಮಾತು. ಆ ಗಡಿಯಾರ ಹಾಕಿದ್ದು ನೀನು. "ನಿಲ್ಸೋದು ಮರೆತೇ ಹೋಯ್ತು ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದವಳೂ ನೀನೇ. ನನ್ನನ್ನು ತೆಗೆದ ದಿನದ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನತ್ತ ಬೆರಳು ತೋರಿಸಿದಾಗ, ಈಗ ಬಾಯಿ ಬಿಡುತ್ತೀಯ, ಈಗ ಬಿಡುತ್ತೀಯ ಎಂದು ನಿನ್ನನ್ನೇ ನೋಡುತ್ತಿದ್ದೆ. ನೀನು ಉಗುರು ನೋಡಿಕೊಳ್ಳುತ್ತಿದ್ದೆ. ಅವರ ಮೇಲೆ ನನಗಿದ್ದದ್ದು ಬರೀ ಸಿಟ್ಟು. ಊಟ ಬಿಟ್ಟು ಅತ್ತದ್ದು ನಿನ್ನಿಂದ. ನಿನ್ನೆ ಆಸ್ಪತ್ರೆಯ ಮುಖ್ಯಸ್ಥೆ ಈ ಗಡಿಯಾರ ಹಾಕಿದ್ದು ಯಾರು ಎಂದು ಕೇಳಿದರು. ನಾನು ನಿನ್ನ ಹಾಗೆ ಸುಮ್ಮನಿರಲಿಲ್ಲ.